ನಾಯಕರಿಗೆ ಉಣಿಸಿದ ರೊಟ್ಟಿ

ದೆಹಲಿಯಲ್ಲಿ ಮಂತ್ರಿಯಾಗಿದ್ದ ದೊಡ್ಡ ನಾಯಕರೊಬ್ಬರಿಗೆ ನಾನೊಮ್ಮೆ ಜೋಳದ ರೊಟ್ಟಿ ಉಣಿಸಿದ್ದೇನೆ. ಎಲೆಯ ಮೇಲಲ್ಲ, ಕಾಗದದ ಮೇಲೆ. ಅವರ ಹೆಸರು ಹೇಳುವುದಿಲ್ಲ. ಹೈದರಾಬಾದನ್ನು ಕಟ್ಟಿದವರು ಅವರೇ ಎಂದು ಅರ್ಧ ಊರು, ನುಂಗಿದವರೂ ಅವರೇ ಎಂದು ಇನ್ನರ್ಧ ಊರು ಜಗಳವಾಡುತ್ತಿದ್ದ ಕಾಲ ಅದು. ಮೂರು ಪಕ್ಷ ಬದಲಿಸಿದ್ದರು, ಎರಡು ವಿಚಾರಣೆಗಳಿಂದ ಪಾರಾಗಿದ್ದರು, ಕಂಪ್ಯೂಟರ್ ಕಂಪನಿಗಳನ್ನು ಕೈಹಿಡಿದು ಕರೆತಂದಿದ್ದರು.

ನಾನು ಸಿಕಂದರಾಬಾದಿನ ಕಚೇರಿಯೊಂದರಲ್ಲಿ ಗುಮಾಸ್ತ. ಹಿಮಾಯತ್‌ನಗರದ ಮನೆಯಲ್ಲಿ ಕೂತು ಕನ್ನಡದವರ ಅರ್ಜಿ, ಪತ್ರ ಬರೆದುಕೊಡುತ್ತಿದ್ದೆ. ಅಷ್ಟಕ್ಕೇ ಸಾಹಿತಿ ಎಂಬ ಭ್ರಮೆಯೂ ಅಂಟಿಕೊಂಡಿತ್ತು. ಚುನಾವಣೆ ಹತ್ತಿರ ಬಂದಾಗ ಪಕ್ಷದವರು ನಾಯಕರ ತೆಲುಗು ಜೀವನಚರಿತ್ರೆ ಹಿಡಿದು ಬಂದರು. ಮಿಯಾಪುರದ ಕಡೆ ಗಾರೆ ಕೆಲಸಕ್ಕೆ ಬಂದ ರಾಯಚೂರು, ಯಾದಗಿರಿಯ ಜನರಿಗಾಗಿ ಅದು ಕನ್ನಡದಲ್ಲಿ ಬೇಕಿತ್ತು.

ಎಲ್ಲ ನಾಯಕರ ಬಾಲ್ಯದಲ್ಲೂ ಇರುವ ಬೀದಿದೀಪ ಅದರಲ್ಲಿಯೂ ಇತ್ತು. ನಮ್ಮವರ ಕಣ್ಣು ಒದ್ದೆಯಾಗುವಂಥದ್ದು ಮಾತ್ರ ಏನೂ ಇರಲಿಲ್ಲ. ಆದ್ದರಿಂದ ಒಂದು ಪುಟ ನಾನೇ ಸೇರಿಸಿದೆ. ಹಸಿದು ಅಲೆಯುತ್ತಿದ್ದ ಯುವಕನನ್ನು ರಾಯಚೂರಿನ ಗಾರೆ ಕೆಲಸದವಳೊಬ್ಬಳು ತನ್ನ ಗುಡಿಸಲಿಗೆ ಕರೆದು ರೊಟ್ಟಿ ಕೊಟ್ಟಳು. ಇನ್ನು ಈ ಊರಲ್ಲಿ ದುಡಿಯುವವರ ಗುಡಿಸಲು ಕೀಳಲು ಬಿಡುವುದಿಲ್ಲ ಎಂದು ಅವನು ಆ ಒಲೆಯ ಮುಂದೆ ಆಣೆ ಮಾಡಿದ. ನಾಯಕರಿಗೆ ಇದು ಎಷ್ಟು ಹಿಡಿಸಿತೆಂದರೆ, ಭಾಷಣಗಳಲ್ಲಿ ತಾವೇ ಹೇಳತೊಡಗಿದರು. ಮೂರನೆಯ ಭಾಷಣದ ಹೊತ್ತಿಗೆ ರೊಟ್ಟಿಯ ಜೊತೆ ಶೇಂಗಾ ಚಟ್ನಿಯೂ ಸೇರಿತು. ಅದನ್ನು ನಾನು ಬಡಿಸಿರಲಿಲ್ಲ. ನನಗೊಂದು ಶಾಲು ಹೊದಿಸಿದರು.

ಹಳೆಯ ಶಾಸನಗಳಲ್ಲಿ ಅರಸನ ಬಿರುದುಗಳೆಲ್ಲ ಮುಗಿದ ಮೇಲೆ ಒಂದು ಶಾಪ ಬರುತ್ತದೆ: ಈ ದಾನವನ್ನು ಅಳಿಸಿದವನು ನರಕಕ್ಕೆ ಹೋಗಲಿ ಎಂದು. ಇಲ್ಲದ ಬಿರುದನ್ನು ಬರೆದುಕೊಟ್ಟವನಿಗೆ ಶಾಪ ಹಾಕಿದ ಕಲ್ಲು ನನಗಿನ್ನೂ ಸಿಕ್ಕಿಲ್ಲ. ಕಲ್ಲಿಗೆ ಪಾಠ ಬರೆಯುತ್ತಿದ್ದವರೂ ನನ್ನಂಥವರೇ ಅಲ್ಲವೇ.

ನಾಯಕರು ಗೆದ್ದರು. ಕಂಪನಿಗಳಿಗೆ ಅಗಲವಾದ ರಸ್ತೆ ಬೇಕಾಯಿತು. ಮಿಯಾಪುರದ ನಮ್ಮವರಿಗೆ ಗುಡಿಸಲು ತೆರವು ಮಾಡಿ ಎಂದು ನೋಟಿಸು ಬಂದಾಗ, ಇಟ್ಟಿಗೆ ಹೊರುವ ಶರಣಮ್ಮ ನನ್ನ ಮನೆಗೆ ಬಂದಳು. ಅವಳ ಊರಿಗೆ ಪತ್ರ ಬರೆದುಕೊಡುತ್ತಿದ್ದವನು ನಾನೇ. ಪಕ್ಕದ ಸಾಲಿನವರು ಆಗಲೇ ತಗಡು ಬಿಚ್ಚಿಕೊಂಡು ಹೊರಟಿದ್ದರಂತೆ. ಇವರಿಗೂ ಮೇಸ್ತ್ರಿ ಬೇರೆ ಕಡೆ ಜಾಗ ತೋರಿಸಿದ್ದನಂತೆ, ಸಂಜೆಯೊಳಗೆ ಹ್ಞೂಂ ಎನ್ನದಿದ್ದರೆ ಅದು ಬೇರೆಯವರಿಗೆ. ಅವಳು ಸೆರಗಿನಿಂದ ನನ್ನ ಪುಸ್ತಕ ತೆಗೆದು ಆ ಪುಟ ತೋರಿಸಿದಳು.

"ಸರ್, ಇದರಾಗ ಬರದಿದ್ದು ಖರೇ ಏನ್ರಿ?"

ಒಳಗೆ ಹೆಂಡತಿ ಕೇಳಿಸಿಕೊಳ್ಳುತ್ತಿದ್ದಳು. ಶಾಲು ಗೂಟದ ಮೇಲಿತ್ತು. "ಖರೇನವ್ವ" ಎಂದೆ. ನಾಲಿಗೆ ಸ್ವಲ್ಪವೂ ತೊದಲಲಿಲ್ಲ, ಅದಕ್ಕೇ ಇವತ್ತಿಗೂ ನನ್ನ ಮೇಲೆ ನನಗೆ ಅಸಹ್ಯ.

ನಮ್ಮ ಜನ ಮೇಸ್ತ್ರಿಗೆ ಒಲ್ಲೆವೆಂದರು. ನೋಟಿಸಿನ ದಿನ ಪಾತ್ರೆ ಪಡಗ ಹೊರಗಿಡುವ ಬದಲು ಹೆಂಗಸರು ಒಲೆ ಹಚ್ಚಿ ರೊಟ್ಟಿ ಬಡಿದರು. ಆಣೆ ಮಾಡಿದವರು ಬಂದೇ ಬರುತ್ತಾರೆ, ಬಂದವರನ್ನು ಹಸಿವಿನಲ್ಲಿ ಕಳಿಸಬಾರದಲ್ಲ. ಬಂದದ್ದು ಜೆಸಿಬಿ. ತಗಡು, ಜೋಳದ ಚೀಲ, ರೊಟ್ಟಿಯ ಬುಟ್ಟಿ ಎಲ್ಲ ಒಂದೇ ರಾಶಿಯಾದವು. ಮೇಸ್ತ್ರಿ ತೋರಿಸಿದ್ದ ಜಾಗದಲ್ಲಿ ಅಷ್ಟರಲ್ಲಿ ಬೇರೆಯವರು ಇಳಿದಿದ್ದರು.

ವಾರದ ಮೇಲೆ ಶರಣಮ್ಮನನ್ನು ಹುಡುಕಿಕೊಂಡು ಹೋದೆ. ಅರ್ಧ ಕಟ್ಟಿದ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಸಿಮೆಂಟ್ ಚೀಲ ಹಾಸಿಕೊಂಡು ಕೂತಿದ್ದಳು. ಆ ರೊಟ್ಟಿಯ ಕತೆ ನಾನೇ ಕಟ್ಟಿದ್ದೆಂದು ಹೇಳಿ, ನಾಯಕರನ್ನು ನಾಲ್ಕು ಮಾತು ಬೈದೆ. ಅವಳೂ ಬೈದರೆ ನನ್ನ ಪಾಲು ಕಡಿಮೆಯಾದೀತು ಎಂಬ ಆಸೆ.

ಅವಳು ಬೈಯಲಿಲ್ಲ. ನನಗೆ ಕೂರಲು ಇನ್ನೊಂದು ಚೀಲ ಹಾಸಿದಳು.

"ಅವರ ಮಾತು ಯಾರು ನಂಬ್ತಾರ್ರಿ ಸರ್. ನಾವು ಅಲ್ಲೇ ಕುಂತಿದ್ದು ನೀವು ಖರೇ ಅಂದ್ರಿ ಅಂತ."