ಎರಡು ಬೆರಳು ಹೊರಗೆ

ಗದಗಿನ ಅಂಗಡಿಯವನು ನನ್ನ ಕಾರಿಗೆ ಹೊಸ ಅಲಾಯ್ ಗಾಲಿ ಹಾಕಿ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದ. ನಾನು ಬಗ್ಗಿ ನೋಡಿದೆ. ಹಿಂದಿನ ಟೈರು ಕಾರಿನ ಮೈಯಿಂದ ಎರಡು ಬೆರಳು ಹೊರಗೆ ಬಂದಿತ್ತು.

"ನಟ್ ಬರೋಬರಿ ಕುಂತಾವ್ರಿ ಅಕ್ಕಾರ. ನಟ್ ಕುಂತ್ರ ಆತು. ಗಾಡಿ ವಿಷಯ ನಿಮಗ ತಿಳಿಯಂಗಿಲ್ಲ," ಎಂದ.

ನಾನು ಬೆಟಗೇರಿಯಲ್ಲಿ ಇಪ್ಪತ್ತು ವರ್ಷದಿಂದ ಜಂಪರ್, ಅಂದರೆ ರವಿಕೆ, ಹೊಲಿಯುವವಳು. ಕಣ್ಣಳತೆಯಲ್ಲೇ ಗೊತ್ತಾಯಿತು, ಹೊಸ ಗಾಲಿ ಹಳೆಯದಕ್ಕಿಂತ ಒಂದು ಇಂಚು ಅಗಲವಿತ್ತು. ಸಾಲದ್ದಕ್ಕೆ ಆಫ್‌ಸೆಟ್, ಅಂದರೆ ಗಾಲಿ ಕಾರಿಗೆ ಕೂಡುವ ಜಾಗ, ಒಳಕ್ಕೆ ಸರಿದು ಗಾಲಿಯನ್ನು ಇನ್ನಷ್ಟು ಹೊರಕ್ಕೆ ತಳ್ಳಿತ್ತು.

"ಜಂಪರಿನ ತೋಳಿನ ಅಗಲ ಬ್ಯಾರೆ, ತೋಳು ಕೂಡ್ಸೂ ಜಾಗಾ ಬ್ಯಾರೆ. ನೀವು ಎರಡೂ ಕೆಡಿಸೀರಿ. ಹಿಂದ ಕುಂಡ್ರಿ, ತೋರಸ್ತೀನಿ," ಎಂದೆ.

ಅವನೂ ಅಂಗಡಿಯಲ್ಲಿ ಹರಟುತ್ತ ಕೂತಿದ್ದ ಅವನ ಇಬ್ಬರು ಗೆಳೆಯರೂ ನಗುತ್ತಲೇ ಹಿಂದಿನ ಸೀಟಿನಲ್ಲಿ ಕುಳಿತರು. ರಸ್ತೆಯ ಮೊದಲ ಉಬ್ಬು ದಾಟುತ್ತಿದ್ದಂತೆ ಕಾರು ಕುಸಿದು, ಟೈರು ಗಾಲಿಯ ಮೇಲಿನ ತಗಡಿನ ಅಂಚಿಗೆ ಕರ್ರನೆ ಉಜ್ಜಿತು. ನಗು ನಿಂತಿತು. ವಾರಕ್ಕೊಮ್ಮೆ ಅದೇ ಸೀಟಿನಲ್ಲಿ ನನ್ನ ಜೊತೆ ಹೊಲಿಯುವ ಮೂವರು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ನಾನು ಲಕ್ಷ್ಮೇಶ್ವರದ ಸಂತೆಗೆ ಹೋಗುತ್ತೇನೆ. ದಾರಿಯಲ್ಲಿ ಟೈರು ಸೀಳಿದ್ದರೆ ಅವರಿಗೆ ನಟ್ಟಿನ ಕತೆ ಹೇಳಬೇಕಿತ್ತೇ?

ಅಂಗಡಿಗೆ ವಾಪಸ್ ಬಂದು, "ಇವನ್ನ ಬಿಚ್ಚರಿ. ನನ್ನ ಹಳೇ ಗಾಲಿ ಹಾಕ್ರಿ," ಎಂದೆ. ಜಾಕ್ ಎಳೆದುಕೊಂಡು ಹಾಕಿದ.

ಉಜ್ಜಿದ ಗೆರೆ ಆ ಅಂಚಿನಲ್ಲಿ ಇನ್ನೂ ಇದೆ. ಬಣ್ಣ ಹೊಡೆಸಿಬಿಡು ಎಂದು ಮನೆಯಲ್ಲಿ ಹೇಳುತ್ತಲೇ ಇದ್ದಾರೆ. ನಾನು ಹೊಡೆಸುವುದಿಲ್ಲ. 'ನಿಮಗ ತಿಳಿಯಂಗಿಲ್ಲ' ಎನ್ನುವವರು ಊರಿನಲ್ಲಿ ಇನ್ನೂ ಇದ್ದಾರೆ.