ಬಾಗಲಗುಂಟೆಯ ಬಂದರು

ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಮೇಲೆ, ಬಳಸುವ ನೀರಿಗೂ ಟ್ಯಾಂಕರಿನ ದಾರಿ ಕಾಯುವ ಬಡಾವಣೆಯಲ್ಲಿ, ನಾನೊಂದು ಬಂದರು ಕಟ್ಟಿದ್ದೇನೆ. ಹೇಳಿಕೊಳ್ಳಲು ಸ್ವಲ್ಪ ಸಂಕೋಚವೇ. ನನ್ನ ವಯಸ್ಸಿನವರು ಆಗ ನೆಲಮಂಗಲದ ಕಡೆ ಸೈಟು ನೋಡಿಕೊಂಡು ಬರುತ್ತಿದ್ದರು, ಇಲ್ಲವೇ ಸಕ್ಕರೆ ಕಾಯಿಲೆಗೆ ಹೆದರಿ ಬೆಳಗಿನ ನಡಿಗೆ ಹೋಗುತ್ತಿದ್ದರು. ನಾನು ಮಾತ್ರ ಬಾಗಲಗುಂಟೆಯ ನಮ್ಮ ಮನೆಯ ಹಾಲ್‌ನಲ್ಲಿ, ಟಿ.ವಿ.ಗೂ ದೇವರ ಗೂಡಿಗೂ ನಡುವೆ, ಎಂಟಡಿ ಉದ್ದ ಐದಡಿ ಅಗಲದ ಹಲಗೆಯ ಮೇಲೆ ಯುದ್ಧನೌಕೆಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದೆ.

ಸಮುದ್ರದೊಂದಿಗೆ ನನಗೆ ಹಳೆಯ ನಂಟೇನೂ ಇಲ್ಲ. ಹುಟ್ಟಿದ್ದು ದಾವಣಗೆರೆ, ಅಲ್ಲಿ ಭದ್ರಾ ನಾಲೆಗೆ ನೀರು ಬಿಟ್ಟರೆ ಅದೇ ದೊಡ್ಡ ಪ್ರವಾಹ. ಕಡಲನ್ನು ಕಂಡದ್ದು ಮದುವೆಯಾದ ವರ್ಷ ಒಂದೇ ಸಲ, ಅದೂ ಅರ್ಧ ಗಂಟೆ, ಪ್ರವಾಸದ ಬಸ್ಸಿನ ಡ್ರೈವರು ಹಾರ್ನ್ ಹೊಡೆಯುವವರೆಗೆ. ದೂರದಲ್ಲಿ ಬೂದು ಬಣ್ಣದ ಹಡಗೊಂದು ನಿಂತಿತ್ತು. ಅಷ್ಟು ದೊಡ್ಡ ಕಬ್ಬಿಣದ ಸಾಮಾನು ಮುಳುಗದೆ ನಿಂತಿದೆಯಲ್ಲ ಎಂಬ ಬೆರಗು ಎದೆಯಲ್ಲಿ ಎಲ್ಲೋ ಕುಳಿತು, ಇಪ್ಪತ್ತು ವರ್ಷ ಬಿಟ್ಟು ಎದ್ದಿತು. ಇದರಲ್ಲಿ ಹಾಸ್ಯ ಮಾಡುವಂಥದ್ದೇನಿಲ್ಲ. ಮಹಾಕಾವ್ಯ ಎನಿಸಿಕೊಳ್ಳಬೇಕಾದರೆ ಹದಿನೆಂಟು ವರ್ಣನೆಗಳು ಇರಬೇಕು, ಅವುಗಳಲ್ಲಿ ಸಮುದ್ರವರ್ಣನೆಯೂ ಒಂದು ಎಂದು ನಮ್ಮ ಹಿರಿಯರು ವಿಧಿಸಿದ್ದರು. ಬಯಲುಸೀಮೆಯ ಕವಿಗಳು ಕೆರೆಯ ಏರಿಯ ಮೇಲೆ ಕುಳಿತುಕೊಂಡೇ ತೆರೆ, ನೊರೆ, ತಿಮಿಂಗಿಲ ಎಲ್ಲವನ್ನೂ ಬರೆದಿರಬೇಕು. ಅವರಿಗೆ ಸಲ್ಲುವುದು ನನಗೂ ಸಲ್ಲಬೇಡವೇ?

ನನ್ನ ಕೆಲಸ ಪೀಣ್ಯದ ಒಂದು ಕಾರ್ಖಾನೆಯಲ್ಲಿ. ಇನ್‌ಸ್ಪೆಕ್ಟರ್ ಎಂದರೆ ಕೆಲವರು ಪೊಲೀಸಿನವನೆಂದು ಎದ್ದು ನಿಲ್ಲುತ್ತಾರೆ. ನಾನು ಯಂತ್ರದ ಬಿಡಿಭಾಗಗಳ ಅಳತೆ ನೋಡುವವನು. ಅಳತೆ ಸರಿಯಿದ್ದರೆ ಹಸಿರು ಚೀಟಿ, ಕೂದಲೆಳೆ ತಪ್ಪಿದರೂ ಕೆಂಪು ಚೀಟಿ. ಈ ಕಸುಬು ಮೈಗೆ ಹತ್ತಿದರೆ ಬಿಡುವುದಿಲ್ಲ. ಮದುವೆ ಮನೆಯಲ್ಲಿ ಎಲೆಯ ಮುಂದೆ ಕುಳಿತರೂ, ಹೋಳಿಗೆಯ ದಪ್ಪ ಅಂಚಿಗೂ ನಡುವಿಗೂ ಒಂದೇ ಇದೆಯೇ ಎಂದು ಬೆರಳು ತಾನಾಗಿ ಒತ್ತಿ ನೋಡುತ್ತದೆ. ಬಂದರನ್ನೂ ಹಾಗೆಯೇ ಕಟ್ಟಿದೆ. ನಿಜದ ಇನ್ನೂರು ಅಡಿ ನನ್ನಲ್ಲಿ ಒಂದಡಿ. ಈ ಲೆಕ್ಕ ತಪ್ಪಿದ ಒಂದು ಕೊಕ್ಕೆಯೂ ಹಲಗೆಯ ಮೇಲೆ ಉಳಿಯುವಂತಿರಲಿಲ್ಲ. ನನ್ನ ಕ್ರೇನಿಗೆ ನಾನೇ ಕೆಂಪು ಚೀಟಿ ಅಂಟಿಸಿಕೊಂಡು ತಿಂಗಳುಗಟ್ಟಲೆ ಮುಖ ಸಣ್ಣ ಮಾಡಿಕೊಂಡು ಓಡಾಡಿದ್ದೂ ಉಂಟು.

ಅಂಗಡಿಯಿಂದ ತಂದ ಸಾಮಾನು ಬಹಳ ಕಡಿಮೆ. ಹೊರದೇಶದಿಂದ ಯಂತ್ರ ಬಂದ ಪೆಟ್ಟಿಗೆಗಳ ಮರ ಹಡಗಿನ ಒಡಲಾಯಿತು. ಸೈಕಲ್ಲಿನ ಕಡ್ಡಿ ಕ್ರೇನಾಯಿತು, ಊದುಬತ್ತಿಯ ಕಡ್ಡಿ ಪಟಸ್ತಂಭವಾಯಿತು, ಹೆಂಡತಿಯ ಹೊಲಿಗೆ ಪೆಟ್ಟಿಗೆಯ ದಾರ ಹಗ್ಗವಾಯಿತು. ಪ್ಲಾಸ್ಟರಿನ ಮೇಲೆ ನೀಲಿ ಹಸಿರು ಬಣ್ಣ ಬಳಿದು, ಏಳು ಸಲ ವಾರ್ನಿಶ್ ಕೊಟ್ಟ ಮೇಲೆ ಸಮುದ್ರ ಸಿದ್ಧವಾಯಿತು. ಹಡಗು ಬಂದು ಒರಗಿ ನಿಲ್ಲುವ ಉದ್ದನೆಯ ಕಟ್ಟೆಗೆ ಕರಾವಳಿಯವರು ಧಕ್ಕೆ ಎನ್ನುತ್ತಾರೆ. ಆ ಧಕ್ಕೆಯ ಅಂಚಿಗೆ ಹಗ್ಗ ಬಿಗಿಯುವ ಗೂಟಗಳು ಬೇಕಲ್ಲ, ಅವನ್ನು ಹಿತ್ತಾಳೆ ಚೂರುಗಳಿಂದ ಲೇತಿನಲ್ಲಿ ಕಡೆದುಕೊಟ್ಟವರು ನಮ್ಮ ಕಾರ್ಖಾನೆಯ ಮಲ್ಲಪ್ಪ. ಬಾಗಲಕೋಟೆ ಕಡೆಯವರು, ನಮ್ಮ ಹಿಂದಿನ ಬೀದಿಯಲ್ಲೇ ಬಾಡಿಗೆಗಿದ್ದರು. ಘಟಪ್ರಭೆಯ ದಂಡೆಯಲ್ಲಿ ಬೆಳೆದಿದ್ದರಿಂದ ದೋಣಿಯ ವಿಷಯದಲ್ಲಿ ನನಗಿಂತ ತಿಳಿದವರು. ಒಂದು ಭಾನುವಾರ ಬಂದು, ಕೈ ಹಿಂದೆ ಕಟ್ಟಿಕೊಂಡು ಬಂದರಿಗೆ ಎರಡು ಸುತ್ತು ಹಾಕಿದರು.

"ಎಲ್ಲಾ ಛಲೋ ಐತ್ರಿ ಸರ. ಆದ್ರ ಯಾವುದೂ ಅಲುಗಂಗಿಲ್ಲಲ್ರಿ. ಹಡಗ ಅಂದ ಮ್ಯಾಲ ಒಂದೀಟರ ಹೊಳ್ಳಬೇಕಲ್ಲ."

ಧಕ್ಕೆಗೆ ಕಟ್ಟಿದ ಹಡಗು ಅಲುಗಲೂಬಾರದು, ತಿರುಗಲೂಬಾರದು, ಅದಕ್ಕೇ ಅಲ್ಲವೇ ನೀವು ಕಡೆದುಕೊಟ್ಟ ಗೂಟ, ಎಂದು ನಾನು ವಿವರಿಸಿದೆ. ಮೇಲಿನವರು ತಪ್ಪು ಹೇಳಿದಾಗ ತಲೆಯಾಡಿಸುವ ಹಾಗೆ ಅವರು ತಲೆಯಾಡಿಸಿ, ಕಾಫಿ ಕುಡಿದು ಹೋದರು.

ಇಷ್ಟು ಹೊತ್ತೂ ನನ್ನ ಹೆಂಡತಿಯ ಮಾತನ್ನೇ ಎತ್ತಲಿಲ್ಲ. ಬಂದರು ಕಟ್ಟುವಾಗಲೂ ಹೀಗೆಯೇ ಆಯಿತು. ಅವಳ ಹೆಸರು ವಿಶಾಲಾಕ್ಷಿ, ನಂಜನಗೂಡಿನವಳು. ನಮ್ಮ ಕಡೆ ದಸರಾ ಎಂದರೆ ಬನ್ನಿ ಕೊಟ್ಟು ಹಿರಿಯರ ಕಾಲಿಗೆ ಬೀಳುವುದು. ಅವಳ ಕಡೆ ಗೊಂಬೆ ಕೂರಿಸುವುದು. ಮದುವೆಯಲ್ಲಿ ತಾಯಿ ಮಗಳಿಗೆ ಮರದ ರಾಜ ರಾಣಿಯ ಜೋಡಿ ಕೊಟ್ಟು ಕಳಿಸುತ್ತಾಳೆ, ಅದಕ್ಕೆ ಪಟ್ಟದ ಗೊಂಬೆ ಎಂದು ಹೆಸರು. ನವರಾತ್ರಿಯಲ್ಲಿ ಮೆಟ್ಟಿಲು ಕಟ್ಟಿ, ಮೇಲೆ ಆ ಜೋಡಿಯನ್ನಿಟ್ಟು, ಕೆಳಗೆ ಶೆಟ್ಟಿಯ ಅಂಗಡಿ, ಮದುವೆಯ ದಿಬ್ಬಣ, ಆನೆ, ಕುದುರೆ ಎಲ್ಲ ಕೂರಿಸಿ, ಬೀದಿಯ ಹೆಂಗಸರನ್ನೂ ಮಕ್ಕಳನ್ನೂ ಕರೆದು ತೋರಿಸಬೇಕು. ನಮ್ಮ ಹಾಲ್‌ನಲ್ಲಿ ಪ್ರತಿವರ್ಷ ಐದು ಮೆಟ್ಟಿಲು ಏಳುತ್ತಿತ್ತು. ಎಲ್ಲಿ ಏಳುತ್ತಿತ್ತು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಟಿ.ವಿ.ಗೂ ದೇವರ ಗೂಡಿಗೂ ನಡುವೆ.

ಬಂದರು ಬೆಳೆದಂತೆಲ್ಲ ರಾಜ್ಯ ಕುಗ್ಗಿತು. ಮೊದಲ ವರ್ಷ ಐದು ಮೆಟ್ಟಿಲು ಮೂರಾಯಿತು. ಮರುವರ್ಷ ಹೊಲಿಗೆ ಯಂತ್ರದ ಮೇಲೆ ಒಂದು ಹಲಗೆ. ಅದರ ಮುಂದಿನ ವರ್ಷ ಹೊಲಿಗೆ ಯಂತ್ರದ ಜಾಗಕ್ಕೂ ನನ್ನ ದೀಪಸ್ತಂಭ ಬಂತು. ರಾಜ ರಾಣಿ ಫ್ರಿಜ್ಜಿನ ತಲೆಯ ಮೇಲೆ ಹತ್ತಿದರು. ವಿಶಾಲಾಕ್ಷಿ ಒಂದು ಮಾತೂ ಆಡಲಿಲ್ಲ. ಆಡದಿದ್ದುದನ್ನು ನಾನು ಒಪ್ಪಿಗೆ ಎಂದುಕೊಂಡೆ. ಗಂಡಸರು ಮೌನವನ್ನು ಯಾವಾಗಲೂ ತಮಗೆ ಬೇಕಾದಂತೆಯೇ ಓದಿಕೊಳ್ಳುತ್ತಾರೆ.

ಅದಾಗಿ ಎರಡು ವರ್ಷಕ್ಕೆ, ಬೇಸಿಗೆಯಲ್ಲಿ ನನ್ನ ಅತ್ತೆ ತೀರಿಕೊಂಡರು. ಅವರ ಗೊಂಬೆಗಳೆಲ್ಲ ಹಿರಿಮಗಳಿಗೇ ಸೇರಬೇಕೆಂದು, ಎರಡು ಟ್ರಂಕು ಟೆಂಪೋದಲ್ಲಿ ನಂಜನಗೂಡಿನಿಂದ ಬಂದವು. ಅವಳು ಅವನ್ನು ತೆರೆಯದೆ ಹಾಗೇ ಅಟ್ಟಕ್ಕೆ ಹತ್ತಿಸಿದಳು. ತೆಗೆದು ನೋಡುವುದಿಲ್ಲವೇ ಎಂದು ಕೇಳಿದೆ. ತೆಗೆದರೆ ಎಲ್ಲಿಡುವುದು ಎಂದಳು. ಮಾತು ಸರಿಯಾಗಿಯೇ ಇದೆ ಎನಿಸಿತು. ನಾನು ಹೋಗಿ ನನ್ನ ದೊಡ್ಡ ಯುದ್ಧನೌಕೆಯ ಕಟಕಟೆಗೆ ಸರಿಗೆ ಬೆಸೆಯುತ್ತ ಕುಳಿತೆ. ಹದಿನಾಲ್ಕು ತಿಂಗಳು ಮಾಡಿದ ಹಡಗು ಅದು, ಬಂದರಿಗೆ ಕಳಶವಿದ್ದ ಹಾಗೆ.

ನವರಾತ್ರಿ ಬಂತು. ರಾಜ ರಾಣಿ ಎಂದಿನಂತೆ ಫ್ರಿಜ್ಜಿನ ಮೇಲೆ ಬಂದು ನಿಂತರು. ಆಗ ನನ್ನ ಕಣ್ಣಿಗೆ ಒಂದು ವಿಷಯ ಬಿತ್ತು. ಬೆಳಿಗ್ಗೆ ರಾಣಿಯ ಪಕ್ಕ ನೆಟ್ಟಗೆ ನಿಂತಿರುತ್ತಿದ್ದ ರಾಜ, ನಾನು ಪಾಳಿ ಮುಗಿಸಿ ಬರುವ ಹೊತ್ತಿಗೆ ಗೋಡೆಯ ಕಡೆಗೆ ತಿರುಗಿಬಿಟ್ಟಿರುತ್ತಿದ್ದ. ವಿಶಾಲಾಕ್ಷಿ ಅಡುಗೆಮನೆಗೆ ಹೋಗುತ್ತ ಬರುತ್ತ, ಒಂದು ಕೈಯಲ್ಲಿ ಅವನನ್ನು ಸರಿಯಾಗಿ ನಿಲ್ಲಿಸಿ ಹೋಗುತ್ತಿದ್ದಳು. ನನ್ನೊಳಗಿನ ಇನ್‌ಸ್ಪೆಕ್ಟರು ಎಚ್ಚೆತ್ತ. ಕರೆಂಟು ಹೋದ ದಿನ ರಾಜ ಅಲುಗಲಿಲ್ಲ. ಅಂದರೆ ಕಾರಣ ಕಂಪ್ರೆಸರಿನ ನಡುಕ. ರಾಣಿಯ ತಳ ಸಮತಟ್ಟು; ರಾಜನ ತಳದಲ್ಲಿ ಒಂದು ಕಡೆ ಉಬ್ಬು, ನಡುಕ ಬಂದಾಗಲೆಲ್ಲ ಆ ಉಬ್ಬಿನ ಮೇಲೆ ಒಂದಿಷ್ಟು ತಿರುಗುತ್ತಾನೆ. ಪತ್ತೆ ಮಾಡಿದ ಸಂತೋಷಕ್ಕೆ ಆ ಸಂಜೆ ಎರಡು ಕಾಫಿ ಕುಡಿದೆ. ಮಾರನೆಯ ದಿನ ಕಾರ್ಖಾನೆಯಲ್ಲಿ ಯಂತ್ರದ ಕಾಲಿಗೆ ಹಾಕುವ ರಬ್ಬರಿನ ತುಂಡೊಂದನ್ನು ಕೇಳಿ ಪಡೆದು, ರಾಜನ ತಳದ ಅಳತೆಗೆ ದುಂಡಗೆ ಕತ್ತರಿಸಿ, ಅಂಚು ಉಜ್ಜಿ, ಕಾಗದದಲ್ಲಿ ಸುತ್ತಿ ತಂದು ಅವಳ ಕೈಗೆ ಕೊಟ್ಟೆ. ಮಲ್ಲಿಗೆ ಹೂವು ತಂದುಕೊಟ್ಟವನ ಮುಖವೇ ಇತ್ತು ನನ್ನದು.

ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ನಾನು ರಬ್ಬರ್ ಕೇಳಿದ್ನೇನ್ರೀ?" ಎಂದಳು. ಆಮೇಲೆ, ದನಿ ಏರಿಸದೆ, "ಅಮ್ಮ ಈ ಜೋಡೀನ ಕೊಟ್ಟಿದ್ದು, ಬಂದೋರು ತಣ್ಣೀರಿನ ಬಾಟ್ಲಿ ತೆಗೆಯೋವಾಗ ನೋಡ್ಲಿ ಅಂತ ಅಲ್ಲ."

ಇಪ್ಪತ್ತು ವರ್ಷ ಸಾವಿರಾರು ಬಿಡಿಭಾಗಗಳ ತಪ್ಪು ಹಿಡಿದವನು ನಾನು. ಆ ಸಂಜೆ ನನ್ನ ಹಾಲ್‌ನ ನಡುವೆ ನಿಂತು, ನನ್ನ ಬಂದರನ್ನು ಬೇರೊಬ್ಬರದೆಂಬಂತೆ ನೋಡಿದೆ. ಧಕ್ಕೆ ನೆಟ್ಟಗಿತ್ತು, ಗೂಟಗಳ ನಡುವಿನ ಅಂತರ ಒಂದೇ ಇತ್ತು, ಎಲ್ಲ ಅಳತೆಯೂ ಸರಿಯಿತ್ತು. ತಾಯಿಯನ್ನು ಕಳೆದುಕೊಂಡವಳಿಗೆ ತಾಯಿಯ ಟ್ರಂಕು ತೆರೆಯಲು ನಾಲ್ಕಡಿ ಜಾಗ ಮಾತ್ರ ಇರಲಿಲ್ಲ. ನನಗೆ ತುಂಬ ನಾಚಿಕೆಯಾಯಿತು.

ಮರುದಿನ ರಜೆ ಹಾಕಿದೆ. ಅವಳು ಬಟ್ಟೆ ಒಗೆಯುತ್ತಿದ್ದಾಗ ಆ ದೊಡ್ಡ ಯುದ್ಧನೌಕೆಯನ್ನು ಧಕ್ಕೆಯಿಂದ ಬಿಡಿಸಿ ಎತ್ತಿದೆ. ಇಡಲು ಮನೆಯಲ್ಲಿ ಬೇರೆ ಜಾಗವಿಲ್ಲದೆ ಫ್ರಿಜ್ಜಿನ ಮೇಲೆ ಇಟ್ಟು, ರಾಜ ರಾಣಿಯನ್ನು ಇಳಿಸಿ ಧಕ್ಕೆಯ ಮೇಲೆ ನಿಲ್ಲಿಸಿದೆ. ಟ್ರಂಕುಗಳನ್ನೂ ಅಟ್ಟದಿಂದ ಇಳಿಸಿದೆ. ಅವಳು ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ಏನಾದರೂ ಹೇಳಬೇಕಲ್ಲ ಎಂದು ನನ್ನ ಬಾಯಿಗೆ ಬಂದದ್ದು ಲೆಕ್ಕವೇ: ಒಂಬತ್ತು ಅಂಗುಲದ ಈ ರಾಜ, ನನ್ನ ಬಂದರಿನ ಅಳತೆಯಲ್ಲಿ ನೂರೈವತ್ತು ಅಡಿ ಎತ್ತರದವನು. ಇಂಥವನಿಗೆ ನೌಕಾಪಡೆಯೇ ಬೇಡ, ಸಮುದ್ರಕ್ಕಿಳಿದು ಒಮ್ಮೆ ಕೆಮ್ಮಿದರೆ ಸಾಕು, ಎಂದೆ. ಅವಳು ನಕ್ಕಳು. ಬೇಸಿಗೆಯಾದ ಮೇಲೆ ಅವಳ ನಗು ಕೇಳಿದ್ದು ಅದೇ ಮೊದಲು.

ಗೊಂಬೆಗೆ ಮೆಟ್ಟಿಲು ಬೇಕಲ್ಲ, ಅದಕ್ಕೇನು ಮಾಡೋಣ ಎಂದು ಕೇಳಿದೆ.

"ಧಕ್ಕೆಯಿಂದ ನೀರಿಗೆ ಇಳಿಯೋ ಮೆಟ್ಟಿಲು ಮಾಡಿದೀರಲ್ಲ, ಏಳಿದೆ. ಶಾಸ್ತ್ರಕ್ಕೆ ಬೆಸ ಸಂಖ್ಯೆ ಇದ್ರೆ ಆಯ್ತು" ಎಂದಳು.

ಎಣಿಸಿ ನೋಡಿದೆ. ಏಳೇ ಇತ್ತು. ಕಟ್ಟಿದ ನನಗೆ ಗೊತ್ತಿರಲಿಲ್ಲ. ನನ್ನ ಬಂದರಿನತ್ತ ಅವಳು ಕಣ್ಣೆತ್ತಿಯೂ ನೋಡಿಲ್ಲ ಎಂದು ನಾನು ಅಷ್ಟು ವರ್ಷ ನಂಬಿಕೊಂಡಿದ್ದೆ.

ಟ್ರಂಕು ತೆರೆದಳು. ಒಂದೊಂದು ಗೊಂಬೆಯನ್ನೂ ಅತ್ತೆಯ ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿಟ್ಟಿದ್ದರು. ಶೆಟ್ಟಿಯ ಗೊಂಬೆಯ ಕೈ ಯಾವಾಗಲೋ ಮುರಿದು, ಅತ್ತೆ ಅದನ್ನು ಅಂಟಿನಿಂದ ಕೂರಿಸಿ, ಬಿಳಿ ದಾರದಲ್ಲಿ ಬಿಗಿದು ಕಟ್ಟಿದ್ದರು. ವಿಶಾಲಾಕ್ಷಿ ಆ ದಾರದ ಗಂಟನ್ನು ಮುಟ್ಟಿ ಮುಟ್ಟಿ ನೋಡಿ ಅತ್ತಳು. ಕೈ ಸ್ವಲ್ಪ ಸೊಟ್ಟಗೆ ಕೂತಿತ್ತು, ಸಂದು ಕಾಣುತ್ತಿತ್ತು. ಅದಕ್ಕೆ ಕೆಂಪು ಚೀಟಿ ಅಂಟಿಸುವ ಇನ್‌ಸ್ಪೆಕ್ಟರು ಇನ್ನೂ ಹುಟ್ಟಿಲ್ಲ.

ಸಂಜೆಯ ಹೊತ್ತಿಗೆ ಧಕ್ಕೆಯ ತುಂಬ ಜನ. ಶೆಟ್ಟಿ ಶೆಟ್ಟಿತಿ ಎರಡು ಹಡಗುಗಳ ನಡುವೆ ಅಂಗಡಿ ತೆರೆದರು. ಅವರ ಮುಂದೆ ತೊಗರಿಬೇಳೆಯ ರಾಶಿ. ನನ್ನ ಅಳತೆಯಲ್ಲಿ ಒಂದೊಂದು ಬೇಳೆಯೂ ಮೂರಡಿಯ ಬಂಡೆ. ಮದುವೆಯ ದಿಬ್ಬಣ ಕ್ರೇನಿನ ಕೆಳಗೆ ಹಾದುಹೋಯಿತು. ಆನೆ ಉಗ್ರಾಣದ ಛಾವಣಿಗೆ ಒರಗಿತು. ಬೀದಿಯ ಹೆಂಗಸರು ಅರಿಸಿನ ಕುಂಕುಮಕ್ಕೆ ಬಂದು, ಕಡಲೆಕಾಳಿನ ಉಸಲಿ ಕೈಯಲ್ಲಿ ಹಿಡಿದು, ಇಷ್ಟು ವರ್ಷ ನನ್ನ ಹುಚ್ಚು ಎಂದು ದೂರದಿಂದ ನೋಡುತ್ತಿದ್ದ ಹಡಗುಗಳ ಹತ್ತಿರ ಬಗ್ಗಿ ನೋಡಿದರು. ಈ ಶೆಟ್ಟಿ ಯಾವ ಹಡಗಿನಲ್ಲಿ ಬಂದ ಎಂದು ಒಂದು ಮಗು ಕೇಳಿತು. ವಿಶಾಲಾಕ್ಷಿ ತಡವರಿಸದೆ ಒಂದು ಹಡಗು ತೋರಿಸಿ, ಅದರ ಹೆಸರು, ತೂಕ, ಅದನ್ನು ಮಾಡಲು ಹಿಡಿದ ಕಾಲ ಎಲ್ಲವನ್ನೂ ಹೇಳಿದಳು. ಒಂದೂ ತಪ್ಪಿರಲಿಲ್ಲ. ಮಲ್ಲಪ್ಪನವರು ಹೆಂಡತಿಯೊಂದಿಗೆ ಬಂದು ಮತ್ತೆ ಕೈ ಹಿಂದೆ ಕಟ್ಟಿ ಎರಡು ಸುತ್ತು ಹಾಕಿದರು; ಈ ಸಲ ಯಾವ ದೂರೂ ಹೇಳಲಿಲ್ಲ.

ವಿಜಯದಶಮಿ ಕಳೆದು ರಾಜ ರಾಣಿಯನ್ನು ಮಲಗಿಸಿ ಟ್ರಂಕಿಗೆ ಸೇರಿಸಿದ ಮೇಲೆ, ಧಕ್ಕೆ ಖಾಲಿಯಾಯಿತು. ಯುದ್ಧನೌಕೆಯನ್ನು ಮರಳಿ ಅಲ್ಲಿಗೆ ತರಬೇಕೆಂದು ಪ್ರತಿ ಭಾನುವಾರ ಅಂದುಕೊಳ್ಳುತ್ತೇನೆ, ತಂದಿಲ್ಲ. ಆ ಜಾಗ ಪಟ್ಟದವರದು ಎಂದು ಹೇಗೋ ಗೊತ್ತಾಗಿಬಿಟ್ಟಿದೆ. ನೌಕೆ ಫ್ರಿಜ್ಜಿನ ಮೇಲೆಯೇ ಇದೆ. ಅದರ ತಳ ನನ್ನ ಅಳತೆಯ ವರ್ನಿಯರ್ ಹೇಳಿದಷ್ಟು ಸಮತಟ್ಟಾಗಿಲ್ಲ ಎಂದು ಈಗ ಗೊತ್ತಾಗಿದೆ. ಕಂಪ್ರೆಸರ್ ನಡುಗಿದಾಗಲೆಲ್ಲ ಅದೂ ಒಂದಿಷ್ಟು ತಿರುಗುತ್ತದೆ, ಮಲ್ಲಪ್ಪನವರು ಬೇಕೆಂದ ಹಾಗೆಯೇ. ಸಂಜೆಯ ಹೊತ್ತಿಗೆ ಮೂತಿ ಗೋಡೆಗೆ ತಾಗಿರುತ್ತದೆ. ವಿಶಾಲಾಕ್ಷಿ ಅಡುಗೆಮನೆಗೆ ಹೋಗುತ್ತ ಬರುತ್ತ, ಒಂದು ಕೈಯಲ್ಲಿ ಅದನ್ನು ನೆಟ್ಟಗೆ ಮಾಡಿ ಹೋಗುತ್ತಾಳೆ.

ಆ ರಬ್ಬರಿನ ತುಂಡು ಇನ್ನೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಹಡಗಿನ ಅಡಿಗೆ ಹಾಕಿದರೆ ಒಂದು ನಿಮಿಷದ ಕೆಲಸ. ಹಾಕಿಲ್ಲ.