ಭೀಮಶಿ ಬರೆದ ಬಾಗಿಲು

ನನಗೆ ಚಿತ್ರಕಲೆ ಗೊತ್ತಿಲ್ಲ. ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಅಭ್ಯಾಸವೂ ನನಗಿಲ್ಲ. ಗೋವಾದ ವಾಸ್ಕೋದಲ್ಲಿರುವ ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ಮಾಸ್ತರಿಕೆ ಮಾಡಿದವನಿಗೆ ಆ ಅಭ್ಯಾಸ ಬರುವುದಾದರೂ ಹೇಗೆ? ಹಾಗಾಗಿ 2006ರಲ್ಲಿ ನಮ್ಮ ಕನ್ನಡ ಸಂಘದವರು, ಸ್ಮರಣ ಸಂಚಿಕೆಗೆ ಯಾರಾದರೂ ಎಲೆಮರೆಯ ಕಲಾವಿದನ ಬಗ್ಗೆ ಬರೆದುಕೊಡಿ ಎಂದಾಗ, ಹೊಸದೊಂದು ನೋಟುಬುಕ್ಕು ಕೊಂಡು ಮಂಗೋರ್ ಹಿಲ್ ಹತ್ತಿಯೇಬಿಟ್ಟೆ. ಅಲ್ಲಿ ಭೀಮಶಿ ಎಂಬೊಬ್ಬ ಮನೆಯಲ್ಲಿ ಚಿತ್ರ ಬರೆಯುತ್ತಾನೆಂದು ಕೇಳಿದ್ದೆ.

ಭೀಮಶಿ ಬೀಳಗಿ ಕಡೆಯವನು. ಹತ್ತೊಂಬತ್ತನೇ ವಯಸ್ಸಿಗೆ ಗೋವಾಕ್ಕೆ ಬಂದು, ರಿಪೇರಿಗೆ ನಿಂತ ಹಡಗುಗಳ ತುಕ್ಕು ಕೆರೆದು ಬಣ್ಣ ಬಳಿಯುವ ಕೆಲಸ ಹಿಡಿದವನು ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡುತ್ತಿದ್ದ. ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕೂತು, ಹಡಗಿನ ಹೊಟ್ಟೆಗೆ ಮೂಗು ತಾಗಿಸಿ ಬಳಿಯುವ ಕೆಲಸ. ಮನೆಯಲ್ಲೂ ಅವನು ಬರೆಯುತ್ತಿದ್ದದ್ದು ಮೂಗು ತಾಗಿಸಿಯೇ.

"ಭೀಮಶಿ, ಕಲಾವಿದರು ನಡುನಡುವೆ ನಾಲ್ಕು ಹೆಜ್ಜೆ ಹಿಂದೆ ಸರಿದು ತಮ್ಮ ಚಿತ್ರ ನೋಡಿಕೊಳ್ಳುತ್ತಾರಪ್ಪ," ಎಂದೆ ಮೊದಲ ದಿನವೇ. ಇದನ್ನು ಎಲ್ಲೋ ಓದಿದ್ದೆ.

"ಹಿಂದ ಸರದ್ರ ಬೀಳತೀವಲ್ರಿ ಮಾಸ್ತರ್ರ," ಎಂದ.

"ಇಲ್ಲಿ ನೆಲ ಐತಲ್ಲೋ!"

"ಐತ್ರಿ. ಆದ್ರ ಕಾಲು ಒಪ್ಪಂಗಿಲ್ರಿ."

ನಾನು ನೋಟುಬುಕ್ಕು ತೆರೆದು ಗಂಭೀರವಾಗಿ, ನಿನಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಭೀಮಶಿ ಖಾಲಿ ಡಬ್ಬಿಯೊಂದನ್ನು ಎತ್ತಿ ತೋರಿಸಿದ.

"ಡಬ್ಬಿ ತಳದಾಗ ಏನ್ ಉಳಿತೈತಿ, ಅದರಿಂದ್ರಿ."

ಖರೇ ಅಂದರೆ ಅದೇ. ಹಡಗಿಗೆ ಬಳಿದು ಡಬ್ಬಿಯ ತಳದಲ್ಲಿ ಅಂಟಿದ ಬಣ್ಣವನ್ನು ಕೆಲಸ ಮಾಡಿಸುವ ಮುಕಾದಮನ ಒಪ್ಪಿಗೆಯ ಮೇಲೆ ಮನೆಗೆ ತರುತ್ತಿದ್ದ. ಹೀಗಾಗಿ ಅವನ ಲೋಕದಲ್ಲಿ ಗುಡ್ಡಗಳೆಲ್ಲ ರೆಡ್ ಆಕ್ಸೈಡು, ಆಕಾಶ ಬೂದಿ, ಸಮುದ್ರ ಕಪ್ಪು. ಒಂದು ವರ್ಷ ಸಾಲಾಗಿ ಹಸಿರು ಹಡಗುಗಳೇ ಬಂದವಂತೆ. ಆ ವರ್ಷದ ಎಮ್ಮೆಗಳೆಲ್ಲ ಹಸಿರು. ಅದು ಗೊತ್ತಾಗುವ ಮೊದಲೇ ನಾನು ನೋಟುಬುಕ್ಕಿನಲ್ಲಿ, 'ಹಸಿರು ಎಮ್ಮೆ: ಕಳೆದುಕೊಂಡ ಹೊಲದ ನೆನಪು' ಎಂದು ಬರೆದು ಎರಡು ಗೆರೆ ಎಳೆದಿದ್ದೆ. ಆಮೇಲೆ ಹೊಡೆದುಹಾಕಲು ಮನಸ್ಸು ಬರಲಿಲ್ಲ.

ಕಪಾಟಿನ ಮೇಲೆ ಎಮ್ಮೆ, ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲೆ ಕೋಳಿ, ನೀರಿನ ಡ್ರಮ್ಮಿನ ಸುತ್ತ ತೆಂಗಿನ ಮರ. ಯಾವುದಕ್ಕೇ ಆಗಲಿ, ಮೊದಲು ಕೆರೆದು, ಎರಡು ಸಲ ಪ್ರೈಮರ್ ಬಳಿದು ಒಣಗಿಸಿಯೇ ಶುರು. ಹೆಂಡತಿ ಸುಂದರವ್ವ ಚಹಾ ತಂದಿಟ್ಟು ದೂರು ಹೇಳಿದಳು.

"ಒಂದ್ ತಾಸು ಸುಮ್ನ ಕುಂತ್ರ ನನಗೂ ಪ್ರೈಮರ್ ಹೊಡದಾರ್ರಿ ಇವರು. ಅದಕ್ಕ ನಾ ಕುಂದ್ರಂಗೇ ಇಲ್ಲ."

ಇವೆಲ್ಲ ಸಣ್ಣವು. ದೊಡ್ಡ ಚಿತ್ರ ಇದ್ದದ್ದು ಮನೆಯ ಮುಂಬಾಗಿಲಿನ ಹೊರಮೈ ಮೇಲೆ. ಎಂಟು ತಿಂಗಳ ಭಾನುವಾರಗಳನ್ನು ಅವನು ಅದಕ್ಕೆ ಸುರಿದಿದ್ದ. ಕಪ್ಪು ಸಮುದ್ರ, ಅದರಲ್ಲೊಂದು ದೊಡ್ಡ ಹಡಗು, ಹಡಗಿನ ಮೈಮೇಲೆ ಹಲಗೆಗಳಲ್ಲಿ ನೇತಾಡುವ ಬೆರಳುದ್ದದ ನಲವತ್ತು ಜನ. ಒಬ್ಬೊಬ್ಬನನ್ನೂ ಅವನು ಹೆಸರು ಹಿಡಿದು ಪರಿಚಯಿಸಿದ. ಹಡಗಿಗೆ ಮಾತ್ರ ಹೆಸರಿರಲಿಲ್ಲ. ಹೆಸರು ಬರೆಯಲು ಬೇರೆ ಜನ ಬರುತ್ತಾರೆ, ಅದು ನಮ್ಮ ಕೆಲಸ ಅಲ್ಲ ಎಂದ.

ಅವನ ಪದ್ಧತಿ ಹೀಗೆ: ಮೊದಲು ನೀರಿನ ಗೆರೆ. ಹಡಗು ನೀರಿನಲ್ಲಿ ಎಲ್ಲಿಯವರೆಗೆ ಮುಳುಗುತ್ತದೋ ಆ ಗೆರೆಯ ಕೆಳಗೆ ಕೆಂಪು, ಮೇಲೆ ಬೂದಿ. ಗೋಡೆ ಕಟ್ಟುವ ಗೌಂಡಿಗಳು ಮಟ್ಟ ನೋಡಲು ಇಟ್ಟುಕೊಳ್ಳುವ ನೀರು ತುಂಬಿದ ಪೈಪು ಅವನ ಹತ್ತಿರವೂ ಒಂದಿತ್ತು. ಅದನ್ನು ಹಿಡಿದು, ಸುಣ್ಣದ ದಾರ ಮಿಡಿದು, ಗೆರೆ ಎಳೆಯುತ್ತಿದ್ದ.

"ನೀರಿನ ಗೆರಿ ಮಟ್ಟ ಇದ್ರ ಉಳದದ್ದೆಲ್ಲಾ ತಾನ ಕೂಡತೈತ್ರಿ. ಇಪ್ಪತ್ತೆರಡ ವರ್ಷದಾಗ ನನ್ನ ಗೆರಿ ಸೊಟ್ಟ ಅಂತ ಯಾವ ಮಗನೂ ಅಂದಿಲ್ಲ."

ಆ ಚಿತ್ರವನ್ನು ಪೂರ್ತಿಯಾಗಿ ನೋಡುವುದು ಮಾತ್ರ ಯಾರಿಂದಲೂ ಆಗಿರಲಿಲ್ಲ. ಮನೆ ಮುಂದಿನ ಓಣಿ ಒಂದು ಮೊಳ ಅಗಲ, ಆಮೇಲೆ ಗಟಾರ. ಗಟಾರದಾಚೆ, ಇಳಿಜಾರಿನ ಕೆಳಗಿದ್ದ ಖುರ್ಷಿದಾಬೇಗಂ ಅವರ ಮನೆಯ, ಓಣಿಯ ಮಟ್ಟಕ್ಕೇ ಬರುವ ಮಾಳಿಗೆ. ಅಲ್ಲಿ ಸದಾ ಮೆಣಸಿನಕಾಯಿ, ಸಂಡಿಗೆ ಒಣಗುತ್ತಿದ್ದರಿಂದ ಗಂಡಸರಿಗೆ ಪ್ರವೇಶವಿಲ್ಲ. ಸಾಲದ್ದಕ್ಕೆ ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು. ಚಿಲಕ ಹಾಕದಿದ್ದರೆ ಅದು ತಾನಾಗಿಯೇ ಕಿರ್ರೆಂದು ಒಳಗೆ ತೆರೆದುಕೊಳ್ಳುತ್ತಿತ್ತು.

ಹೊರಡುವಾಗ ಭೀಮಶಿ ನನ್ನನ್ನು ಮೂಲೆಗೆ ಕರೆದ. "ಮಾಸ್ತರ್ರ, ಒಂದ್ ಮಾತ ಕೇಳಲೇನ್ರಿ? ಎಲ್ಲಾರೂ ನನಗ ಬಣ್ಣ ಹೊಡಿಯಾಂವ ಅಂತಾರ. ಖರೇ ಹೇಳ್ರಿ. ಇದು ಚಿತ್ರ ಏನ್ರಿ, ಬರೇ ಬಣ್ಣ ಏನ್ರಿ?"

ಅವನ ಮುಖ ನೋಡಿ ನನಗೆ ಸಂಕಟವಾಯಿತು. ಚಿತ್ರ ಎಂದುಬಿಡಬಹುದಿತ್ತು. ಆದರೆ ನನ್ನ ಮಾತಿಗೆ ಬೆಲೆ ಎಷ್ಟು ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ತಿಳಿದವರಿಂದ ಹೇಳಿಸುತ್ತೇನೆ ಎಂದೆ. ಬಾಗಿಲಿಗೆ ಅಂಟಿ ನಿಂತು ಮೂರು ತುಂಡಾಗಿ ಫೋಟೊ ತೆಗೆದು, ಪಣಜಿಯಲ್ಲಿ ಚಿತ್ರಪ್ರದರ್ಶನ ನಡೆಸುವ, ಎಲ್ಲರೂ 'ಬಾಯಿ' ಎಂದು ಕರೆಯುವ ಮಹಿಳೆಯೊಬ್ಬರಿಗೆ ಕಳಿಸಿದೆ. ವಾರದಲ್ಲಿ ಉತ್ತರ ಬಂತು: ಬಾಗಿಲನ್ನು ತನ್ನಿ, ಹತ್ತು ದಿನ ಇರಲಿ.

"ಹತ್ತ ದಿನಾ ಬಾಗಲಾ ಇಲ್ದ ಇರೂದಾ?" ಸುಂದರವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ನಾಯಿ ಬರತಾವು, ಕೋಳಿ ಬರತಾವು, ಇವರ ಗೆಳ್ಯಾರು ಬರತಾರು!"

ಭೀಮಶಿ ಮೂರು ದಿನ ಊಟದಲ್ಲಿ ಎರಡನೇ ರೊಟ್ಟಿ ಮುಟ್ಟಲಿಲ್ಲ, ಅಷ್ಟೇ. ನಾಲ್ಕನೇ ದಿನ ಸುಂದರವ್ವ ತಾನೇ ಬಾಗಿಲಿನ ತಿರುಪು ಬಿಚ್ಚಿದಳು, ಚೌಕಟ್ಟಿಗೆ ಹಳೆಯ ಸೀರೆ ಕಟ್ಟಿದಳು, ಖುರ್ಷಿದಾಬೇಗಂ ಅವರನ್ನು ಕಾವಲಿಗೆ ಕೂರಿಸಿದಳು. ಬಾಗಿಲು ಎಲ್ಲಿಗೆ ಹೋಗುತ್ತದೋ ತಾನೂ ಅಲ್ಲಿಗೇ ಎಂದು ಅದೇ ಓಣಿಯ ಕೇಶಪ್ಪನ ತರಕಾರಿ ಟೆಂಪೋ ಹತ್ತಿ ಬಾಗಿಲಿನ ಪಕ್ಕದಲ್ಲೇ ಕೂತಳು. ಜುವಾರಿ ಸೇತುವೆಯ ಮೇಲೆ ಗಾಳಿ ಬೀಸಿದಾಗ ಅವಳು, ಭೀಮಶಿ, ನಾನು ಮೂವರೂ ಬಾಗಿಲನ್ನು ತಬ್ಬಿಕೊಂಡೆವು.

ಪಣಜಿಯಲ್ಲಿ ಬಾಯಿಯವರು ಒಂದು ಇಡೀ ಗೋಡೆಯನ್ನೇ ಬಾಗಿಲಿಗೆ ಕೊಟ್ಟಿದ್ದರು. ಟೇಪು ಹಿಡಿದು ಅಳೆದು, ಅಂಚು ಕೂದಲೆಳೆಯಷ್ಟೂ ಆಚೀಚೆ ಆಗದಂತೆ ನೆಟ್ಟಗೆ ನಿಲ್ಲಿಸಿದರು. ಸಂಜೆ ಜನ ಸೇರಿತು. ನಾನು ಮೊದಲ ಬಾರಿಗೆ ಚಿತ್ರವನ್ನು ದೂರದಿಂದ ಪೂರ್ತಿ ನೋಡಿದೆ. ಹಡಗು ಎಡಕ್ಕೆ ವಾಲಿತ್ತು. ಸಮುದ್ರವೂ ವಾಲಿತ್ತು.

ಅಷ್ಟರಲ್ಲಿ ಗಡ್ಡದವರೊಬ್ಬರು ನನ್ನ ಪಕ್ಕ ನಿಂತು, ಈ ವಾಲುವಿಕೆ ಅದ್ಭುತ, ಎಂಥ ಧೈರ್ಯ ಎಂದು ಹಿಂದಿಯಲ್ಲಿ ಉದ್ಗರಿಸಿದರು. ನಾನು ಒಂದು ಕ್ಷಣವೂ ತಡಮಾಡಲಿಲ್ಲ. ಊರು ಬಿಟ್ಟು ಬಂದವನ ಕಾಲ ಕೆಳಗಿನ ನೆಲ ಯಾವಾಗಲೂ ವಾಲಿಯೇ ಇರುತ್ತದೆ, ಹಡಗಿಗೆ ಹೆಸರಿಲ್ಲದಿರುವುದನ್ನೂ ಗಮನಿಸಿ ಎಂದೆ. ಸುತ್ತ ಐದಾರು ಜನ ಸೇರಿದರು. ನಿವೃತ್ತನಾದ ಮೇಲೆ ಅಷ್ಟು ಜನ ನನ್ನ ಮಾತು ಕೇಳಿದ್ದು ಅದೇ ಮೊದಲು. ಹಾಗಾಗಿ ನಾನು ನಿಲ್ಲಿಸಲಿಲ್ಲ.

ಭೀಮಶಿ ಜನರಿಗೆ ಬೆನ್ನು ಹಾಕಿ, ಬಾಗಿಲಿಗೆ ಮೂಗು ತಾಗಿಸಿ ನಿಂತಿದ್ದ. ಬಾಯಿಯವರು ನಗುತ್ತ, ಹಿಂದೆ ಬಂದು ನಿಮ್ಮ ಚಿತ್ರ ನೋಡಿ ಎಂದು ಕರೆದರು. ಅವನ ಕಾಲು ಒಪ್ಪಲಿಲ್ಲ. ಕೊನೆಗೆ ಸುಂದರವ್ವ ಹೋಗಿ ಅವನ ಅಂಗಿಯನ್ನು ಹಿಂದಿನಿಂದ ಗಟ್ಟಿಯಾಗಿ ಹಿಡಿದಳು.

"ಬರ್ರಿ. ನಾ ಹಿಡದೇನಿ."

ಒಂದು ಹೆಜ್ಜೆ, ಎರಡು ಹೆಜ್ಜೆ. ಆರನೆಯದಕ್ಕೆ ಅವನು ತಲೆ ಎತ್ತಿ ನೋಡಿದ.

"ಮಾಸ್ತರ್ರ," ಎಂದ. "ಹಡಗ ಮುಳಗಾಕತ್ತೈತ್ರಿ."

ಗಡ್ಡದವರು ಅದನ್ನು ಕೊಳ್ಳಲು ಸಿದ್ಧರಿದ್ದರು. ವಾಲಿದ್ದಕ್ಕೇ ಬೇಕು ಎಂದರು. ಭೀಮಶಿ ಕೈ ಮುಗಿದ. "ನಲವತ್ತ ಮಂದಿ ಅದಾರ್ರಿ ಅದರ ಮ್ಯಾಲ. ಅದನ್ನ ಹೆಂಗ ಕೊಡ್ಲಿ? ಇದು ಚಿತ್ರ ಅಲ್ರಿ, ತಪ್ಪು." ಬಾಯಿಯವರು ಒಳ್ಳೆಯವರು, ಒತ್ತಾಯ ಮಾಡಲಿಲ್ಲ. ಅದೇ ಸಂಜೆ ಬಾಗಿಲು ಟೆಂಪೋ ಹತ್ತಿತು. ಸೇತುವೆಯ ಮೇಲೆ ಈ ಸಲ ಅದನ್ನು ಸುಂದರವ್ವ ಒಬ್ಬಳೇ ತಬ್ಬಿಕೊಂಡಿದ್ದಳು. ನನಗೆ ವಿಪರೀತ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಯೋಚಿಸಿದರೆ ಉತ್ತರ ನನಗೇ ತಿರುಗುತ್ತಿತ್ತು.

ಮರುದಿನ ಬೆಳಿಗ್ಗೆ ಸಮಾಧಾನ ಹೇಳಲು ಹೋದೆ. ಬಾಗಿಲು ಮತ್ತೆ ಚೌಕಟ್ಟಿಗೆ ಕೂತು ಚಿಲಕ ಹಾಕಿಸಿಕೊಂಡಿತ್ತು. ಅದರ ಮುಂದೆ ಭೀಮಶಿ ಕಪ್ಪು ಬಣ್ಣದ ಡಬ್ಬಿ ಕಲಕುತ್ತ ಕೂತಿದ್ದ. ಪೂರ್ತಿ ಬಳಿದುಬಿಡುತ್ತೇನೆ ಎಂದ. ಎಂಟು ತಿಂಗಳ ಕೆಲಸ! ಬೇಡವೋ ಎಂದು ನಾನು ಬೇಡಿಕೊಂಡೆ. ನಲವತ್ತು ಜನರನ್ನಾದರೂ ಬಿಡು ಎಂದೆ. ಅವನು ಬ್ರಷ್ಷು ಅದ್ದಿದ.

"ರೀ! ನಿಂದರ್ರಿ!"

ಗಟಾರದಾಚೆಯ ಮಾಳಿಗೆಯಿಂದ ಕೂಗು. ಖುರ್ಷಿದಾಬೇಗಂ ಅವರ ಮೆಣಸಿನಕಾಯಿ ಹರವಲು ಹೋಗಿದ್ದ ಸುಂದರವ್ವ ಮೊರ ಹಿಡಿದು ಮುಚ್ಚಿದ ಬಾಗಿಲನ್ನೇ ನೋಡುತ್ತ ನಿಂತಿದ್ದಳು. "ಇಲ್ಲಿ ಬರ್ರಿ. ಮಾಸ್ತರ್ರ, ನೀವೂ ಬರ್ರಿ."

"ಚಪ್ಪಲಿ ಬಿಟ್ಟ ಬರ್ರಿ!" ಎಂದು ಖುರ್ಷಿದಾಬೇಗಂ ಕೆಳಗಿನಿಂದಲೇ ಅಪ್ಪಣೆ ಕೊಟ್ಟರು.

ಗಟಾರದ ಮೇಲಿನ ಹಲಗೆ ದಾಟಿ, ಮೆಣಸಿನಕಾಯಿಗಳ ನಡುವೆ ತುದಿಗಾಲಲ್ಲಿ ನಡೆದು ತಿರುಗಿ ನೋಡಿದೆವು. ಸಮುದ್ರ ಸಮುದ್ರದ ಹಾಗಿತ್ತು. ಹಡಗು ನೆಟ್ಟಗೆ ನಿಂತಿತ್ತು.

ಭೀಮಶಿ ಓಡಿಹೋಗಿ ನೀರಿನ ಪೈಪು ತಂದ. ನನ್ನನ್ನು ಬಾಗಿಲ ಬಳಿಗೆ ಕರೆದು, ಒಂದು ತುದಿಯನ್ನು ಗೆರೆಯ ಈ ಕೊನೆಗೆ ನನ್ನಿಂದ ಹಿಡಿಸಿ, ಇನ್ನೊಂದನ್ನು ತಾನು ಆ ಕೊನೆಗೆ ಹಿಡಿದ. ನೀರು ಎರಡೂ ಕಡೆ ಸರಿಯಾಗಿ ಗೆರೆಯ ಮೇಲೇ ನಿಂತಿತು.

"ಗೆರಿ ಮಟ್ಟ ಐತ್ರಿ ಮಾಸ್ತರ್ರ! ಬಾಗಲಾ ಸೊಟ್ಟೈತಿ! ಪಣಜ್ಯಾಗ ಅದನ್ನ ನೆಟ್ಟಗ ನಿಲ್ಸಿದ್ದಕ್ಕ ಹಡಗ ವಾಲಿತ್ರಿ!"

"ಬಾಗಲಾ ಅಲ್ರಿ, ಮನಿ ಸೊಟ್ಟೈತಿ," ಎಂದಳು ಸುಂದರವ್ವ ಮಾಳಿಗೆಯಿಂದ. "ಗ್ವಾಡಿ ಗುಡ್ಡದ ಕಡೆ ಕುಸದೈತಿ ಅಂತ ಹತ್ತ ವರ್ಷದಿಂದ ಹೇಳಾಕತ್ತೇನಿ. ಕೇಳೀರೇನ್?"

ಅವನು ಕೇಳಿಸಿಕೊಳ್ಳಲಿಲ್ಲ. ನನ್ನನ್ನೂ ಕರೆದುಕೊಂಡು ಮತ್ತೆ ಮಾಳಿಗೆಗೆ ಬಂದು, ಸುಂದರವ್ವನ ಮೊರ ಹಿಡಿದ ಕೈಯನ್ನೇ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಹಿಂದೆ ಸರಿದ. ಕಾಲಡಿ ಎರಡು ಸಂಡಿಗೆ ಪುಡಿಯಾದವು. ಖುರ್ಷಿದಾಬೇಗಂ ಬೈಯಬೇಕೆಂದು ಮೇಲೆ ಬಂದವರು ಬೈಯದೆ, ತಾವೂ ನಿಂತು ನೋಡಿದರು.

"ಚಿತ್ರ ಐತ್ರಿ ಇದು," ಎಂದ ಭೀಮಶಿ. ಈ ಸಲ ನನ್ನನ್ನು ಕೇಳಲಿಲ್ಲ, ಹೇಳಿದ. ನನ್ನ ಕಣ್ಣು ತುಂಬಿತು. ಮೆಣಸಿನಕಾಯಿ ಘಾಟು ಎಂದು ಹೇಳಿ ಒರೆಸಿಕೊಂಡೆ. ವಾಲಿದ ನೆಲದ ಬಗ್ಗೆ ರಾತ್ರಿಯೇ ಬರೆದು ಜೇಬಿನಲ್ಲಿಟ್ಟಿದ್ದ ನಾಲ್ಕು ಹಾಳೆಯನ್ನು ಮಡಚಿ ಗಟಾರಕ್ಕೆ ಬಿಟ್ಟೆ.

"ಹಡಗಿಗೆ ಒಂದು ಹೆಸರು ಬರಿಯಪ್ಪ ಇನ್ನ," ಎಂದೆ.

"ಹೆಸರು ಬ್ಯಾಡ್ರಿ, ಮನಿ ನಂಬರ ಬರೀರಿ," ಎಂದಳು ಸುಂದರವ್ವ. "ಟಪಾಲಿನಾಂವ ದಿನಾ ಒದರತಾನು."

ಭೀಮಶಿ ಬಿಳಿ ಬಣ್ಣದ ಡಬ್ಬಿಯ ತಳ ಕೆರೆದು, ಬಾಗಿಲಿಗೆ ಮೂಗು ತಾಗಿಸಿ, ಹಡಗಿನ ಮೂತಿಯ ಮೇಲೆ ಮನೆ ನಂಬರು ಬರೆದ. ಉಳಿದ ಎರಡು ಹನಿಯಲ್ಲಿ ಅದರ ಕೆಳಗೆ ತನ್ನ ಹೆಸರು ಬರೆದ. ಸುಂದರವ್ವ ಚಹಾಕ್ಕೆ ಇಡುತ್ತೇನೆಂದು ಹೋಗಿ ಚಿಲಕ ತೆಗೆದಳು. ಹಡಗು ಕಿರ್ರೆಂದು ತಾನಾಗಿ ಒಳಗೆ ಹೋಯಿತು. ಅದರ ಹಿಂದೆ ನಾವೂ ಹೋದೆವು.